ಬಾವುಟ ಹಾರಿ ಸರಿಯಾಗಿ ಒಂದು ತಿಂಗಳಿಗೆ

ಡಿಸೆಂಬರ್ 30 ಬಂತೆಂದರೆ ಒಂದು ಮಾತು ಮೊಬೈಲಿನಿಂದ ಮೊಬೈಲಿಗೆ ಹಾರತೊಡಗುತ್ತದೆ: ಭಾರತದ ನೆಲದಲ್ಲಿ ಮೊಟ್ಟಮೊದಲು ಸ್ವತಂತ್ರವಾದದ್ದು ಅಂಡಮಾನ್. 1943ರಲ್ಲಿ ಆ ದಿನ ನೇತಾಜಿ ಸುಭಾಷ್‌ಚಂದ್ರ ಬೋಸರು ಪೋರ್ಟ್ ಬ್ಲೇರಿನ ಜಿಮ್‌ಖಾನಾ ಮೈದಾನದಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ದೆಹಲಿಗೆ 1947ರಲ್ಲಿ ಬಂದದ್ದು ಅಲ್ಲಿಗೆ ನಾಲ್ಕು ವರ್ಷ ಮೊದಲೇ ಬಂದಿತ್ತು. ಭಾಷಣ ಸ್ಪರ್ಧೆಯ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಪ್ರವಾಸದ ಗೈಡುಗಳು ಒಪ್ಪಿಸುತ್ತಾರೆ, ಮಂತ್ರಿಗಳು ಮೈಕಿನ ಮುಂದೆ ಸಾರುತ್ತಾರೆ. ಧ್ವಜ ಹಾರಿಸಿದ್ದು ನಿಜ. ಉಳಿದದ್ದು ನಿಜವಲ್ಲ. ಇಂಥ ಸುಳ್ಳನ್ನು ದೇಶಪ್ರೇಮದ ಹೆಸರಿನಲ್ಲಿ ಕ್ಷಮಿಸಿಬಿಡುವುದು ನಮ್ಮ ರೂಢಿ. ನನಗೆ ಅದು ಸಾಧ್ಯವಿಲ್ಲ. ಏಕೆಂದರೆ ಆ ಮಾತು ನಿಲ್ಲಬೇಕಾದರೆ ಒಂದಷ್ಟು ಹೆಣಗಳನ್ನು ಕಣ್ಣಿಗೆ ಬೀಳದಂತೆ ಮುಚ್ಚಿಡಬೇಕಾಗುತ್ತದೆ.

ಆ ಧ್ವಜ ಹಾರಿ ಸರಿಯಾಗಿ ಒಂದು ತಿಂಗಳಿಗೆ, 1944ರ ಜನವರಿ 30ರಂದು, ಜಪಾನಿ ಸೈನಿಕರು ಸೆಲ್ಯುಲರ್ ಜೈಲಿನಿಂದ 44 ಜನರನ್ನು ಹೊರಗೆಳೆದು, ಊರಾಚೆಯ ಹಂಫ್ರೀಗಂಜ್‌ಗೆ ಸಾಗಿಸಿ, ಗುಂಡಿಟ್ಟು ಕೊಂದರು. ಸತ್ತವರೆಲ್ಲ ಭಾರತೀಯರು. ಆಯುಧ ಹಿಡಿದವರಲ್ಲ, ಅಲ್ಲಿನ ಊರಿನವರು. ಅವರ ಮೇಲಿದ್ದ ಆರೋಪ ಬ್ರಿಟಿಷರ ಪರ ಗೂಢಚಾರಿಕೆ. ಅವರಲ್ಲಿ ಹೆಚ್ಚಿನವರು ಇಂಡಿಯನ್ ಇಂಡಿಪೆಂಡೆನ್ಸ್ ಲೀಗ್‌ನ ನಂಟು ಇದ್ದವರು. ಅಂದರೆ ನೇತಾಜಿ ಮುನ್ನಡೆಸುತ್ತಿದ್ದ ಸಂಘಟನೆಯವರೇ. ಸ್ವತಂತ್ರವಾದ ನೆಲದಲ್ಲಿ, ಸ್ವಾತಂತ್ರ್ಯದ ಸಂಘಟನೆಯ ಸದಸ್ಯರನ್ನು, ಬ್ರಿಟಿಷರ ಏಜೆಂಟರೆಂದು ಮೂರನೆಯ ದೇಶವೊಂದರ ಸೈನ್ಯ ಕೊಲ್ಲುತ್ತದೆ. ಕೇಳುವವರು ಯಾರೂ ಇಲ್ಲ. ಇದು ಯಾವ ಬಗೆಯ ಸ್ವಾತಂತ್ರ್ಯವೆಂದು ಆ ಮಾತನ್ನು ಹರಡುವವರು ಒಮ್ಮೆ ವಿವರಿಸಬೇಕು.

ಶುರುವಿನಿಂದ ನೋಡೋಣ. 1942ರ ಮಾರ್ಚ್ 23ರಂದು ಜಪಾನಿ ಪಡೆ ಪೋರ್ಟ್ ಬ್ಲೇರಿಗೆ ಬಂದಿಳಿದಾಗ ಒಂದು ಗುಂಡೂ ಎದುರಿಗೆ ಹಾರಲಿಲ್ಲ. ಬ್ರಿಟಿಷರು ತಮ್ಮ ಸೈನ್ಯವನ್ನೂ ತಮ್ಮವರಲ್ಲಿ ಬಹುಪಾಲು ಜನರನ್ನೂ ಅದಕ್ಕೆ ಮೊದಲೇ ಹಡಗು ಹತ್ತಿಸಿ ಕಳಿಸಿದ್ದರು. ಕೈದಿಗಳಾಗಿ ತಂದು, ಶಿಕ್ಷೆ ಮುಗಿದ ಮೇಲೆ ಅಲ್ಲೇ ನೆಲೆಯೂರಿಸಿದ ಜನರನ್ನು ಮಾತ್ರ ಅಲ್ಲೇ ಬಿಟ್ಟರು. ಈ ಕತೆಯಲ್ಲಿ ಬ್ರಿಟಿಷರಿಗೆ ಯಾವ ಗೌರವವೂ ಸಲ್ಲುವುದಿಲ್ಲ. ಜಪಾನಿನ ಕ್ರೌರ್ಯವನ್ನು ಹೇಳಿದ ಕೂಡಲೇ ‘ನೀನು ಬ್ರಿಟಿಷರ ಪರ’ ಎಂದು ಬೆರಳು ತೋರಿಸುವವರು ಇರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬಂದ ಸೈನಿಕರು ಮೊದಲ ದಿನಗಳಲ್ಲೇ ಮನೆಮನೆ ನುಗ್ಗಿದರು, ಕೋಳಿ ಹಿಡಿದರು, ಹೆಂಗಸರನ್ನು ಕೆಣಕಿದರು. ಅಬರ್ಡೀನ್ ಬಜಾರಿನ ಹುಡುಗ ಜುಲ್ಫಿಕರ್ ಅಲಿ ತಾಳಲಾರದೆ ತನ್ನ ಏರ್‌ಗನ್ ಎತ್ತಿ ಹೊಡೆದ. ಅದು ಹಕ್ಕಿ ಹೊಡೆಯುವ ಬಂದೂಕು, ಸತ್ತವರು ಯಾರೂ ಇಲ್ಲ. ಹುಡುಗ ಸಿಗುವವರೆಗೆ ಮನೆಗಳಿಗೆ ಬೆಂಕಿ ಬಿತ್ತು. ಸಿಕ್ಕ ಮೇಲೆ ಊರಿನವರನ್ನೆಲ್ಲ ಮೈದಾನದಲ್ಲಿ ಸೇರಿಸಿ, ಅವರ ಕಣ್ಣೆದುರೇ ಅವನ ಕೈಗಳನ್ನು ತಿರುಚಿ ಮುರಿದು, ಗುಂಡಿಟ್ಟರು. ಕೆಲವೇ ದಿನಗಳಲ್ಲಿ, ಹಿಂದೆ ಉಳಿದಿದ್ದ ಬ್ರಿಟಿಷ್ ಅಧಿಕಾರಿ ಮೇಜರ್ ಬರ್ಡ್ ಅವರ ತಲೆಯನ್ನು ಜನರೆದುರೇ ಕಡಿದರು. ಪೋರ್ಟ್ ಬ್ಲೇರಿನ ಜನಕ್ಕೆ ತಮ್ಮ ಹೊಸ ಯಜಮಾನರು ಎಂಥವರೆಂದು ತಿಳಿಯಲು ಒಂದು ವಾರ ಸಾಕಾಯಿತು. ನಮಗೆ ಎಂಬತ್ತು ವರ್ಷವಾದರೂ ತಿಳಿದಿಲ್ಲ.

ಮುಂದಿನದು ಇನ್ನೂ ಕೆಟ್ಟದ್ದು. 1943ರ ಜನವರಿಯಲ್ಲಿ, ಹಿಂದೆ ಅಲ್ಲೇ ಪೊಲೀಸ್ ಅಧಿಕಾರಿಯಾಗಿದ್ದ ಡೆನಿಸ್ ಮೆಕಾರ್ಥಿ ಎಂಬಾತ ಸಣ್ಣ ತಂಡದೊಂದಿಗೆ ಸಿಂಹಳದಿಂದ ಡಚ್ ಜಲಾಂತರ್ಗಾಮಿಯಲ್ಲಿ ಬಂದು ಮಧ್ಯರಾತ್ರಿಯ ಕಳ್ಳನಂತೆ ಅಂಡಮಾನಿನ ಕಾಡು ಸೇರಿಕೊಂಡ. ದ್ವೀಪದ ಸುದ್ದಿ ಬ್ರಿಟಿಷರಿಗೆ ಹೋಗುತ್ತಿದ್ದುದರಲ್ಲಿ ಅಂಥವರ ಕೈಯಿತ್ತು. ಜಪಾನಿಯರಿಗೆ ಕಾಡಿನಲ್ಲಿದ್ದವರು ಸಿಗಲಿಲ್ಲ. ಸಿಕ್ಕವರು ಪೇಟೆಯಲ್ಲಿದ್ದವರು: ಗುಮಾಸ್ತರು, ಮೇಷ್ಟರುಗಳು, ಪೊಲೀಸಿನವರು, ಇಂಗ್ಲಿಷ್ ಬಲ್ಲವರು, ಯಾವುದೋ ಕಾಲದಲ್ಲಿ ಸಾಹೇಬರ ಕಚೇರಿಯಲ್ಲಿ ದುಡಿದವರು. ಜೈಲಿನಲ್ಲಿ ಅವರನ್ನು ಹಿಂಸಿಸಿ, ಒಬ್ಬನ ಬಾಯಿಂದ ಇನ್ನೊಬ್ಬನ ಹೆಸರು ಹೊರಡಿಸಿ, ಆ ಇನ್ನೊಬ್ಬನನ್ನು ಎಳೆದು ತಂದರು. ಪೊಲೀಸ್ ಅಧಿಕಾರಿ ನಾರಾಯಣ ರಾವ್ ಮತ್ತು ಅವರ ಜೊತೆಯವರು ಸತ್ತದ್ದು ಇಂಥ ಮೊದಲ ‘ಗೂಢಚಾರ ಪ್ರಕರಣ’ದಲ್ಲಿ. ಅವರಾದರೂ ಜಪಾನಿ ಆಡಳಿತದ ಅಡಿಯಲ್ಲೇ ಕೆಲಸ ಮಾಡುತ್ತಿದ್ದವರು.

ಡಾಕ್ಟರ್ ದಿವಾನ್ ಸಿಂಗ್ ಪಂಜಾಬಿಯ ಕವಿ, ‘ವಗ್ದೇ ಪಾಣಿ’ ಸಂಕಲನದಿಂದ ಹೆಸರಾದವರು, ಪಂಜಾಬಿನವರು ಇಂದಿಗೂ ‘ಕಾಲೇಪಾಣಿ’ ಎಂದೇ ಕರೆಯುವವರು. ವೃತ್ತಿಯಲ್ಲಿ ವೈದ್ಯರು. ಪೋರ್ಟ್ ಬ್ಲೇರಿನಲ್ಲಿ ಲೀಗ್ ಶಾಖೆಯ ಮುಂದಾಳು. ಜಪಾನಿಯರ ಮತ್ತು ಊರಿನ ಜನರ ನಡುವೆ ನಿಂತು ಸಾಧ್ಯವಾದಷ್ಟು ಜನರನ್ನು ಉಳಿಸಲು ನೋಡಿದವರು. 1943ರ ಅಕ್ಟೋಬರ್ 23ರಂದು ಅವರನ್ನು ಹಿಡಿದು ಸೆಲ್ಯುಲರ್ ಜೈಲಿಗೆ ಹಾಕಿದರು. ಎಂಬತ್ತಕ್ಕೂ ಹೆಚ್ಚು ದಿನ ಚಿತ್ರಹಿಂಸೆ ನಡೆಯಿತು. 1944ರ ಜನವರಿ 14ರಂದು ಅವರು ಅಲ್ಲೇ ತೀರಿಕೊಂಡರು.

ಈ ಎರಡು ತಾರೀಕುಗಳ ನಡುವೆ ಇನ್ನು ಕೆಲವನ್ನು ಸೇರಿಸಿ ಓದಿ. ನವೆಂಬರ್ 6ರಂದು ಟೋಕಿಯೊದಲ್ಲಿ ಪ್ರಧಾನಿ ಟೋಜೊ ಅಂಡಮಾನ್ ನಿಕೋಬಾರ್‌ಗಳನ್ನು ನೇತಾಜಿಯ ಆಜಾದ್ ಹಿಂದ್ ಸರ್ಕಾರಕ್ಕೆ ಒಪ್ಪಿಸುವುದಾಗಿ ಘೋಷಿಸಿದ. ನೇತಾಜಿ ಆ ದ್ವೀಪಗಳನ್ನು ಪ್ಯಾರಿಸ್ಸಿನ ಬಾಸ್ಟೀಲ್ ಸೆರೆಮನೆಗೆ ಹೋಲಿಸಿದರು: ಫ್ರೆಂಚ್ ಕ್ರಾಂತಿಯಲ್ಲಿ ಮೊದಲು ಬಿಡುಗಡೆಯಾದದ್ದು ಸೆರೆಮನೆ, ಭಾರತದಲ್ಲೂ ಹಾಗೆಯೇ ಎಂಬ ಅರ್ಥದಲ್ಲಿ. ಡಿಸೆಂಬರ್ 29ರಂದು ಅವರು ಪೋರ್ಟ್ ಬ್ಲೇರಿಗೆ ಬಂದಿಳಿದರು. ಮೂರು ದಿನ ಜಪಾನಿ ನೌಕಾಪಡೆಯ ಆತಿಥ್ಯದಲ್ಲಿ, ಅವರದೇ ಕಾವಲಿನಲ್ಲಿದ್ದರು. ಸೆಲ್ಯುಲರ್ ಜೈಲನ್ನೂ ನೋಡಿದರು. ಹೊಸ ಕೈದಿಗಳಿದ್ದ ಭಾಗವನ್ನು ಅವರಿಗೆ ತೋರಿಸಲಿಲ್ಲ ಎಂದು ಅಲ್ಲಿನವರು ಬರೆದಿಟ್ಟಿದ್ದಾರೆ. ಬ್ರಿಟಿಷರು 1938ರ ಹೊತ್ತಿಗೇ ರಾಜಕೀಯ ಕೈದಿಗಳನ್ನೆಲ್ಲ ಮುಖ್ಯಭೂಮಿಗೆ ಕಳಿಸಿ ಆಗಿತ್ತು. ಅಂದರೆ ನೇತಾಜಿ ಹಳೆಯ ದೇಶಭಕ್ತರ ಖಾಲಿ ಕೋಣೆಗಳೆದುರು ಕೈಮುಗಿಯುವಾಗ, ಬಾಸ್ಟೀಲ್‌ನಲ್ಲಿ ಹೊಸಬರು ತುಂಬಿದ್ದರು. ಅವರೊಳಗೆ ಒಬ್ಬ ಕವಿ ಇನ್ನೆರಡು ವಾರಗಳಲ್ಲಿ ಸಾಯಲಿದ್ದ.

ಇಲ್ಲಿಗೆ ಬಂದಾಗ ವಾದ ಎರಡು ಕಡೆ ಸೀಳುತ್ತದೆ. ಒಂದು ಕಡೆಯವರು ‘ನೇತಾಜಿಯನ್ನು ಅವಮಾನಿಸಬೇಡಿ’ ಎನ್ನುತ್ತಾರೆ. ಇನ್ನೊಂದು ಕಡೆಯವರಿಗೆ ಈ ಪ್ರಸಂಗ ಸಿಕ್ಕಿದರೆ ಹಬ್ಬ: ‘ನೋಡಿ, ಫ್ಯಾಸಿಸ್ಟರ ಸಂಗಾತಿ!’ ನನಗೆ ಎರಡೂ ಬೇಡ. ನೇತಾಜಿಗೆ ಎಷ್ಟು ಗೊತ್ತಿತ್ತು ಎಂಬುದರ ಮೇಲೆ ಬೇಕಾದಷ್ಟು ಶಾಯಿ ಹರಿದಿದೆ. ಆ ಜಗಳದಲ್ಲಿ ಹಂಫ್ರೀಗಂಜ್‌ನ 44 ಜನ ಸಾಕ್ಷಿಗಳಾಗಿ ಬಂದು ಹೋಗುತ್ತಾರೆ ಅಷ್ಟೆ. ಅವರ ಸಾವನ್ನು ಅವರದೇ ಸಾವಾಗಿ ನೋಡುವವರು ಎರಡು ಪಂಗಡದಲ್ಲೂ ಇಲ್ಲ. ಅವಮಾನದ ಮಾತಿಗೆ ಬಂದರೆ, ನೇತಾಜಿಯ ಲೀಗ್‌ಗಾಗಿ ಕೆಲಸ ಮಾಡಿಯೂ ಜಪಾನಿಯರ ಕೈಯಲ್ಲಿ ಸತ್ತವರನ್ನು ಮರೆತು, ನೇತಾಜಿಯ ಬಾವುಟವನ್ನು ಮಾತ್ರ ಹಿಡಿದು ಕುಣಿಯುವುದೇ ಅವರಿಗೆ ಮಾಡುವ ಅವಮಾನ.

‘ಆದರೂ ಆಡಳಿತ ನಮ್ಮವರ ಕೈಗೆ ಬಂದಿತ್ತಲ್ಲ’ ಎನ್ನುವವರು ಕರ್ನಲ್ ಎ. ಡಿ. ಲೋಗನಾಥನ್ ಅವರ ಮಾತು ಕೇಳಬೇಕು. ನೇತಾಜಿ ಅವರನ್ನು ಅಂಡಮಾನಿನ ಚೀಫ್ ಕಮಿಷನರನ್ನಾಗಿ ನೇಮಿಸಿ ಕಳಿಸಿದ್ದರು. ಅವರು ಬೆರಳೆಣಿಕೆಯ ಅಧಿಕಾರಿಗಳೊಡನೆ ಅಲ್ಲಿಗೆ ತಲುಪಿದ್ದು 1944ರ ಫೆಬ್ರುವರಿಯಲ್ಲಿ, ಹಂಫ್ರೀಗಂಜ್‌ನ ನೆಲ ಇನ್ನೂ ಆರುವ ಮೊದಲು. ಅವರ ಕೈಗೆ ಸಿಕ್ಕಿದ್ದು ಶಿಕ್ಷಣ ಇಲಾಖೆ. ಪೊಲೀಸ್ ಇಲಾಖೆಯನ್ನು ಜಪಾನಿಯರು ಬಿಟ್ಟುಕೊಡಲಿಲ್ಲ. ಪೊಲೀಸ್ ಇಲ್ಲದ ಮೇಲೆ ಉಳಿದ ಇಲಾಖೆಗಳು ಬೇಡವೆಂದು ತಾವು ತೆಗೆದುಕೊಳ್ಳಲಿಲ್ಲ ಎಂದು ಲೋಗನಾಥನ್ ಯುದ್ಧ ಮುಗಿದ ಮೇಲೆ ಕೆಂಪುಕೋಟೆಯ ವಿಚಾರಣೆಯಲ್ಲಿ ಸಾಕ್ಷಿ ಹೇಳಿದರು. ಅದೂ ಆಜಾದ್ ಹಿಂದ್ ಫೌಜಿನ ಪರ ಸಾಕ್ಷಿಯಾಗಿ. ಜನರನ್ನು ಹಿಡಿಯುವ, ಹೊಡೆಯುವ, ಕೊಲ್ಲುವ ಅಧಿಕಾರ ಮೊದಲಿನಿಂದ ಕೊನೆವರೆಗೂ ಜಪಾನಿ ನೌಕಾಪಡೆಯ ಬಳಿಯೇ ಇತ್ತು. ಸ್ವತಂತ್ರ ಸರ್ಕಾರದ ಪಾಲಿಗೆ ಬಂದದ್ದು ಶಾಲೆಗಳು. ಲೋಗನಾಥನ್ ಕಾಯಿಲೆ ಬಿದ್ದು ಅದೇ ವರ್ಷ ಹಿಂತಿರುಗಿದರು. ಅಂಡಮಾನಿನ ‘ಮೊದಲ ಸ್ವಾತಂತ್ರ್ಯ’ದ ವಿಸ್ತೀರ್ಣ ಎಷ್ಟೆಂದು ಅದನ್ನು ಆಳಲು ಹೋದವರೇ ಹೇಳಿದ್ದಾರೆ. ಅವರಿಗಿಂತ ಹೆಚ್ಚು ನಮಗೆ ಗೊತ್ತಿದೆಯೇ?

ಕೊಲೆಯ ಲೆಕ್ಕವನ್ನು ಉಬ್ಬಿಸುವವರ ಬಗ್ಗೆಯೂ ಎರಡು ಮಾತು ಹೇಳಬೇಕು. ಪೋರ್ಟ್ ಬ್ಲೇರಿನ 40,000 ಜನರಲ್ಲಿ 30,000 ಜನರನ್ನು ಜಪಾನಿಯರು ಕೊಂದರು ಎಂಬ ಅಂಕಿ ಓಡಾಡುತ್ತಿದೆ. 1941ರ ಜನಗಣತಿಯಲ್ಲಿ ಅಂಡಮಾನ್ ನಿಕೋಬಾರ್ ಎರಡೂ ಸೇರಿ ಇದ್ದದ್ದೇ 33,768 ಜನ. 1951ರಲ್ಲಿ 30,971. ಈ ಇಳಿಕೆಯಲ್ಲೂ, ಯುದ್ಧದ ನಂತರ ಕೈದಿಗಳ ನೆಲೆಯನ್ನು ಮುಚ್ಚಿದಾಗ ಮುಖ್ಯಭೂಮಿಗೆ ಮರಳಿದವರ ಪಾಲಿದೆ. ಮೂವತ್ತು ಸಾವಿರವೆಂಬುದು ಆಗದ ಮಾತು. ಸತ್ತವರ ಮೇಲಿನ ಮರುಕದಿಂದ ಹುಟ್ಟಿದ್ದಾದರೂ ಇಂಥ ಅಂಕಿ ಕೊನೆಗೆ ನೆರವಾಗುವುದು ‘ಇದೆಲ್ಲ ಕಟ್ಟುಕತೆ’ ಎನ್ನುವವರಿಗೇ. 44 ಸಾಲದೆ? ಅಷ್ಟು ಸಣ್ಣ ಊರಿನಲ್ಲಿ ಓದು ಬಲ್ಲವರನ್ನು, ನಾಲ್ಕು ಜನ ಮಾತು ಕೇಳುವಂಥವರನ್ನು ಆರಿಸಿ ಆರಿಸಿ ಜೈಲಿಗೆ ತುಂಬಿದರೆ ಊರಿಗೆ ಏನಾಗುತ್ತದೆಂದು ಊಹಿಸಲು ದೊಡ್ಡ ಅಂಕಿ ಬೇಕಿಲ್ಲ.

ಕರ್ನಾಟಕಕ್ಕೂ ಈ ಮರೆವಿನಲ್ಲಿ ಪಾಲಿದೆ. 2022ರಲ್ಲಿ ಎಂಟನೇ ತರಗತಿಯ ಕನ್ನಡ ಪಠ್ಯದ ಒಂದು ಪ್ರವಾಸ ಬರಹದ ಮೇಲೆ ನಾವು ವಾರಗಟ್ಟಲೆ ಕಚ್ಚಾಡಿದೆವು. ಸೆಲ್ಯುಲರ್ ಜೈಲಿನಲ್ಲಿದ್ದ ಸಾವರ್ಕರ್ ಬುಲ್‌ಬುಲ್ ಹಕ್ಕಿಯ ರೆಕ್ಕೆಯ ಮೇಲೆ ಕೂತು ತಾಯ್ನಾಡಿಗೆ ಬಂದುಹೋಗುತ್ತಿದ್ದರೆಂಬ ಸಾಲು ರೂಪಕವೋ ಭಟ್ಟಂಗಿತನವೋ ಎಂಬುದು ಪ್ರಶ್ನೆ. ಟೀವಿ ಸ್ಟುಡಿಯೊಗಳಲ್ಲಿ ಆ ಹಕ್ಕಿ ಹಾರಿದ್ದೇ ಹಾರಿದ್ದು. ಎಡದವರು ನಕ್ಕರು, ಬಲದವರು ಕೆರಳಿದರು. ಅದೇ ಕಟ್ಟಡದಲ್ಲಿ ಸಾವರ್ಕರ್ ಹೊರಟು ಇಪ್ಪತ್ತು ವರ್ಷ ಕಳೆದ ಮೇಲೆ ಏನು ನಡೆಯಿತೆಂದು ಕೇಳಿದ ಒಬ್ಬರನ್ನೂ ನಾನು ಆ ದಿನಗಳಲ್ಲಿ ಕಾಣಲಿಲ್ಲ. ಕೇಳಿದರೆ ಯಾವ ಪಕ್ಷಕ್ಕೂ ಲಾಭವಿರಲಿಲ್ಲವಲ್ಲ. ಬೆಂಗಳೂರಿನಿಂದ ಹೋಗುವ ನಮ್ಮ ಎಲ್‌ಟಿಸಿ ಪ್ರವಾಸಿಗರು ಲಂಬಾಲೈನಿನಲ್ಲಿ ವಿಮಾನ ಇಳಿಯುತ್ತಾರೆ. ಅಲ್ಲಿ ಜಪಾನಿಯರು ಊರಿನವರನ್ನು ಬಡಿದು ದುಡಿಸಿ ವಿಮಾನದ ಓಡುದಾರಿ ಮಾಡಿಸಿದ್ದರು. ಪ್ರವಾಸಿಗರು ಜಪಾನಿ ಬಂಕರಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆ ಜೈಲಿನ ಅಂಗಳದಲ್ಲಿ ಧ್ವನಿ ಬೆಳಕಿನ ಪ್ರದರ್ಶನ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ಜೈಲಿನ ನಡುಗೋಪುರದಲ್ಲಿ ಅಮೃತಶಿಲೆಯ ಮೇಲೆ ಕೈದಿಗಳ ಹೆಸರು ಕೊರೆದಿದ್ದಾರೆ: 1909ರಿಂದ 1921, 1922ರಿಂದ 1931, 1932ರಿಂದ 1938. ಆ ಪಟ್ಟಿ ಅಲ್ಲಿಗೆ ನಿಲ್ಲುತ್ತದೆ. ಜೈಲು ಅಲ್ಲಿಗೆ ನಿಂತಿರಲಿಲ್ಲ.

ಪೂರ್ತಿ ಮರೆತಿದ್ದೇವೆ ಎಂದರೆ ಅದೂ ಸುಳ್ಳಾದೀತು. ಹಂಫ್ರೀಗಂಜ್‌ನಲ್ಲಿ ಬಲಿದಾನ ವೇದಿ ಇದೆ, ಅಲ್ಲಿ ಹೆಸರುಗಳಿವೆ, ಜನವರಿ 30ರಂದು ಹೂವಿಡುತ್ತಾರೆ. ದಿವಾನ್ ಸಿಂಗರ ಹೆಸರಿನ ಗುರುದ್ವಾರ ಪೋರ್ಟ್ ಬ್ಲೇರಿನಲ್ಲಿದೆ. 1942ಕ್ಕೆ ಮೊದಲೇ ನೆಲೆಸಿದ ಮನೆತನಗಳನ್ನು ಅಲ್ಲಿ ‘ಪ್ರೀ ಫಾರ್ಟಿಟೂ’ ಎಂದೇ ಕರೆಯುತ್ತಾರೆ. ಹಿಂದುಳಿದ ವರ್ಗದ ಪಟ್ಟಿಯಲ್ಲೂ ಅದೇ ಹೆಸರಿನಲ್ಲಿ ಅವರಿಗೊಂದು ಜಾಗವಿದೆ. ಅವರ ಮನೆಗಳಲ್ಲಿ ಕತೆ ಗೊತ್ತಿದೆ. ನೆನಪು ಅಂಡಮಾನಿನಲ್ಲೇ ಉಳಿದುಕೊಂಡಿದೆ, ಹಡಗು ಹತ್ತಿ ಈಚೆ ಬಂದಿಲ್ಲ. ಈಚೆ ಅದೇ ಜನವರಿ 30ರ ಬೆಳಿಗ್ಗೆ ಹನ್ನೊಂದಕ್ಕೆ ಇಡೀ ದೇಶ ಗಾಂಧಿಗಾಗಿ ಎರಡು ನಿಮಿಷ ಎದ್ದು ನಿಲ್ಲುತ್ತದೆ. ಗಾಂಧಿ ಹತ್ಯೆಗೆ ನಾಲ್ಕು ವರ್ಷ ಮೊದಲು, ಅದೇ ತಾರೀಕಿಗೆ ಸತ್ತ 44 ಜನರ ಸುದ್ದಿಯನ್ನು ಅದೇ ಉಸಿರಿನಲ್ಲಿ ಹೇಳಲು ಒಂದು ವಾಕ್ಯ ಸಾಕು.

ಹೇಳುವುದಿಲ್ಲ ಏಕೆ? ನನಗನ್ನಿಸುವ ಕಾರಣ ಇದು: ನಮ್ಮ ನೆನಪಿನಲ್ಲಿ ವೀರನಿಗೆ ಜಾಗವಿದೆ, ದ್ರೋಹಿಗೆ ಜಾಗವಿದೆ, ಸುಮ್ಮನೆ ಸತ್ತವನಿಗೆ ಇಲ್ಲ. ಬ್ರಿಟಿಷರು ಕೊಂದಿದ್ದರೆ ಹುತಾತ್ಮನಾಗುತ್ತಿದ್ದ. ಬ್ರಿಟಿಷರ ಶತ್ರು ಕೊಂದದ್ದರಿಂದ ಅವನನ್ನು ಯಾವ ಕಪಾಟಿಗೆ ಇಡಬೇಕೆಂದು ತಿಳಿಯುತ್ತಿಲ್ಲ. ಬಲಿದಾನ ವೇದಿಯಲ್ಲಿಯೂ ಅವರು ಹುತಾತ್ಮರೆಂದೇ ಕರೆಸಿಕೊಳ್ಳಬೇಕಾಗಿದೆ. ಗೂಢಚಾರನಲ್ಲದ, ಕ್ರಾಂತಿಕಾರಿಯೂ ಅಲ್ಲದ ಗುಮಾಸ್ತ, ಮಾಡದ ತಪ್ಪಿಗೆ ಸತ್ತ ಎಂಬುದಷ್ಟೇ ಸ್ಮಾರಕಕ್ಕೆ ಸಾಲದೆಂದು ನಾವು ತೀರ್ಮಾನಿಸಿದಂತಿದೆ. ನಮ್ಮ ಶತ್ರುವಿನ ಶತ್ರು ನಮ್ಮವನು, ನಮ್ಮವನು ಕೊಲೆಗಾರನಾಗಿರಲಾರ. ಟೋಕಿಯೊ ವಿಚಾರಣೆಯಲ್ಲಿ ಆರೋಪಿಗಳೆಲ್ಲರೂ ನಿರ್ದೋಷಿಗಳೆಂದು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಅವರ ಬಗ್ಗೆ ಹೆಮ್ಮೆಪಡುವವರು, ನಾನ್‌ಜಿಂಗ್ ಮುಂತಾದ ಕಡೆ ಜಪಾನಿ ಪಡೆಗಳು ನಾಗರಿಕರ ಮೇಲೆ ಎಸಗಿದ ಕ್ರೌರ್ಯಕ್ಕೆ ಪುರಾವೆ ಹೇರಳವಾಗಿದೆ ಎಂದು ಅದೇ ಪಾಲ್ ಒಪ್ಪಿದ್ದನ್ನು ಓದುವುದಿಲ್ಲ. ಅದೂ ಇದೇ ಚಾಳಿ.

ಹ್ಯಾವ್‌ಲಾಕ್‌ನ ಕತೆಯಂತೂ ಯಾವ ಕಪಾಟಿಗೂ ಹೊಂದುವುದಿಲ್ಲ. 1945ರ ಹೊತ್ತಿಗೆ ಮಿತ್ರಪಡೆಗಳ ಕಡಲ ದಿಗ್ಬಂಧನದಿಂದ ಅಕ್ಕಿ ಬರುವುದು ನಿಂತಿತ್ತು. ಜನ ಮರಗೆಣಸು, ಸಿಹಿಗೆಣಸು ತಿಂದು ಬದುಕುತ್ತಿದ್ದರು. ಜಪಾನ್ ಶರಣಾಗುವುದಕ್ಕೆ ಕೆಲವೇ ದಿನಗಳಿದ್ದಾಗ, ಆಗಸ್ಟ್ ತಿಂಗಳಲ್ಲಿ, ವ್ಯವಸಾಯ ಮಾಡಿಸುವ ನೆಪದಲ್ಲಿ ನೂರಾರು ಜನರನ್ನು ದೋಣಿಗಳಲ್ಲಿ ತುಂಬಿ ಯಾರೂ ಇಲ್ಲದ ಹ್ಯಾವ್‌ಲಾಕ್ ದ್ವೀಪದ ಹತ್ತಿರ ಒಯ್ದು, ದಡ ಇನ್ನೂ ದೂರವಿರುವಾಗಲೇ ನೀರಿಗೆ ತಳ್ಳಿದರು. ಎಷ್ಟೋ ಜನ ಮುಳುಗಿದರು. ದಡ ಸೇರಿದವರಲ್ಲಿ ಹೆಚ್ಚಿನವರು ಹಸಿವಿನಿಂದ ಸತ್ತರು. ಒಟ್ಟು ಎಷ್ಟು ಜನ ಎಂಬುದರಲ್ಲಿ ಬೇರೆ ಬೇರೆ ಬರಹಗಳು ಬೇರೆ ಬೇರೆ ಅಂಕಿ ಕೊಡುತ್ತವೆ. ವಾರಗಳ ನಂತರ ಬ್ರಿಟಿಷರ ತಂಡ ತಲುಪಿದಾಗ ಉಸಿರಾಡುತ್ತಿದ್ದವರು ಹತ್ತು ಹನ್ನೆರಡು ಮಂದಿ ಎಂಬುದರಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಇವರ ಮೇಲೆ ಗೂಢಚಾರಿಕೆಯ ಆರೋಪವೂ ಇರಲಿಲ್ಲ. ಅವರು ಮಾಡಿದ ಅಪರಾಧ ಉಣ್ಣುತ್ತಿದ್ದುದು.

2018ರ ಡಿಸೆಂಬರ್ 30ರಂದು, ಧ್ವಜದ 75ನೇ ವರ್ಷಾಚರಣೆಗೆ ಪ್ರಧಾನಿ ಪೋರ್ಟ್ ಬ್ಲೇರಿಗೆ ಹೋಗಿ ಮೂರು ದ್ವೀಪಗಳಿಗೆ ಹೊಸ ಹೆಸರಿಟ್ಟರು. ರಾಸ್ ದ್ವೀಪಕ್ಕೆ ನೇತಾಜಿಯ ಹೆಸರು, ನೀಲ್ ದ್ವೀಪ ಶಹೀದ್, ಹ್ಯಾವ್‌ಲಾಕ್ ಸ್ವರಾಜ್. ಜಪಾನಿಯರು ಅನ್ನದ ಬಾಯಿ ಕಡಿಮೆ ಮಾಡಲು ಜನರನ್ನು ಸಮುದ್ರಕ್ಕೆ ತಳ್ಳಿದ ಜಾಗ ಈಗ, ಜಪಾನಿಯರ ಆಶ್ರಯದಲ್ಲಿ ಹಾರಿದ ಧ್ವಜದ ನೆನಪಿಗೆ, ಸ್ವರಾಜ್ ದ್ವೀಪ. ಹ್ಯಾವ್‌ಲಾಕ್ 1857ರ ದಂಗೆಯನ್ನು ತುಳಿದ ಬ್ರಿಟಿಷ್ ಸೇನಾನಿ, ಅವನ ಹೆಸರು ಹೋದದ್ದಕ್ಕೆ ನನ್ನ ಕಣ್ಣಲ್ಲಿ ನೀರಿಲ್ಲ. ಹೆಸರು ಬದಲಿಸಿದ ದಿನ ಅಲ್ಲಿ ಸತ್ತವರ ಬಗ್ಗೆ ಒಂದು ಫಲಕವಾದರೂ ನಿಲ್ಲಬೇಕಿತ್ತು.

‘ಜಪಾನ್ ಈಗ ನಮ್ಮ ಮಿತ್ರ, ಹಳೆಯದನ್ನು ಕೆದಕುವುದೇಕೆ’ ಎಂಬುದು ಕೊನೆಯ ವಾದ, ಎಲ್ಲಕ್ಕಿಂತ ದುರ್ಬಲ ವಾದ. 2021ರಲ್ಲಿ ಜಪಾನ್ ಅಂಡಮಾನಿನ ವಿದ್ಯುತ್ ಯೋಜನೆಗೆ ಸುಮಾರು 400 ಕೋಟಿ ಯೆನ್ ಅನುದಾನ ಕೊಟ್ಟಿತು. ಸಂತೋಷ, ದೀಪ ಉರಿಯಲಿ. ಅಂಥ ಗೆಳೆತನ ಹಂಫ್ರೀಗಂಜ್‌ನ ಹೆಸರೆತ್ತಿದರೆ ಮುರಿದು ಬೀಳುತ್ತದೆಂದು ಟೋಕಿಯೊದಿಂದ ಯಾರೂ ಹೇಳಿಲ್ಲ, ನಾವೇ ಹೆದರಿಕೊಂಡಿದ್ದೇವೆ. ಬ್ರಿಟಿಷರು ಸಿಂಗಪುರದ ಸೈನಿಕ ನ್ಯಾಯಾಲಯದಲ್ಲಿ ಅಂಡಮಾನಿನ ಕೆಲವು ಜಪಾನಿ ಅಧಿಕಾರಿಗಳನ್ನು ವಿಚಾರಣೆ ಮಾಡಿ ಶಿಕ್ಷಿಸಿದರು. ಸ್ವತಂತ್ರ ಭಾರತ ಆ ಕಡತವನ್ನು ಮತ್ತೆ ತೆರೆಯಲಿಲ್ಲ. ಬದಲಿಗೆ 1952ರ ಜೂನ್ 9ರಂದು ಜಪಾನಿನೊಂದಿಗೆ ಪ್ರತ್ಯೇಕ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ, ಯುದ್ಧದ ಪರಿಹಾರದ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿತು. ನೆಹರೂ ಅವರ ಔದಾರ್ಯವೆಂದು ಅದನ್ನು ಇಂದಿಗೂ ಹೊಗಳುತ್ತಾರೆ. ಔದಾರ್ಯ ದೆಹಲಿಯದು, ಸತ್ತವರು ಪೋರ್ಟ್ ಬ್ಲೇರಿನವರು. ಆ ಸಹಿ ಬೀಳುವಾಗ ಲೋಕಸಭೆಯಲ್ಲಿ ಅಂಡಮಾನ್ ನಿಕೋಬಾರಿನ ಪರವಾಗಿ ಕೂತಿದ್ದವರು ಕಾರ್ ನಿಕೋಬಾರಿನ ಬಿಷಪ್ ಜಾನ್ ರಿಚರ್ಡ್‌ಸನ್. ಜನ ಆರಿಸಿ ಕಳಿಸಿದವರಲ್ಲ, ರಾಷ್ಟ್ರಪತಿಗಳು ನಾಮಕರಣ ಮಾಡಿದವರು. ಜಪಾನಿಯರು ಅವರ ಮಗನನ್ನು ಕೊಂದಿದ್ದರು.